ಹಳೇ ಟ್ರೇಲರ್ ಕೊಂಡರೆ ಮೊದಲು ಫ್ರಿಡ್ಜ್ ಹಿಂದೆ ನೋಡಿ: ನನ್ನ ಅನುಭವ

ನಮ್ಮದು 60ರ ದಶಕದ ಶಾಸ್ತಾ ಕಂಪನಿಯ ಟ್ರೇಲರ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ದು ಒಳಗೇ ಅಡುಗೆ ಮಾಡಿ ಮಲಗುವ ಪುಟ್ಟ ಗಾಡಿಮನೆ. ಹಿಂಭಾಗದಲ್ಲಿ ಎರಡೂ ಕಡೆ ಪುಟ್ಟ ರೆಕ್ಕೆ ಇರುತ್ತಲ್ಲ, ಅದೇ. ಇಲ್ಲೇ ಅಮೆರಿಕದ ಓಹಾಯೋದಲ್ಲಿ ಒಬ್ಬರ ಹಿತ್ತಲಲ್ಲಿ ನಿಂತಿತ್ತು, ಕೊಂಡು ತಂದೆವು. ನೋಡಿದವರೆಲ್ಲ ಬಣ್ಣದ ಬಗ್ಗೆ, ಪರದೆ ಬಟ್ಟೆ ಬಗ್ಗೆ ಕೇಳುತ್ತಾರೆ. ಈಗೀಗ ಇಲ್ಲಿನ ಕನ್ನಡದ ಗೆಳೆಯರೂ ಇಂಥದ್ದೊಂದು ಕೊಳ್ಳೋಣ ಅಂತ ಕೇಳುತ್ತಿದ್ದಾರೆ. ಅವರಿಗೆಲ್ಲ ನಾನು ಹೇಳುವುದು ಒಂದೇ: ಬಣ್ಣ ಆಮೇಲೆ, ಮೊದಲು ಹೊರಗಡೆಯಿಂದ ಫ್ರಿಡ್ಜ್ ಹಿಂದಿನ ಜಾಲರಿ ಬಿಚ್ಚಿ ಟಾರ್ಚ್ ಹಾಕಿ ನೋಡಿ.

ಯಾಕೆ ಅಂದರೆ ಈ ಫ್ರಿಡ್ಜ್ ನಮ್ಮ ಮನೆ ಫ್ರಿಡ್ಜ್ ಥರ ಅಲ್ಲ. ಇದರಲ್ಲಿ ಕಂಪ್ರೆಸರ್ ಇಲ್ಲ, ಬೆಂಕಿಯಿಂದ ತಣ್ಣಗಾಗುತ್ತದೆ. ಕೆಳಗೆ ಒಂದು ಸಣ್ಣ ಪ್ರೊಪೇನ್ (ನಮ್ಮ ಅಡುಗೆ ಗ್ಯಾಸ್ ಥರದ್ದೇ) ಬರ್ನರ್ ಹಗಲೂ ರಾತ್ರಿ ಉರಿಯುತ್ತಿರುತ್ತದೆ. ಅದರ ಬಿಸಿಗೆ ಅಮೋನಿಯಾ, ನೀರು, ಹೈಡ್ರೋಜನ್ ಮೂರೂ ಸೇರಿ ಮುಚ್ಚಿದ ಉಕ್ಕಿನ ಕೊಳವೆಗಳೊಳಗೆ ಸುತ್ತುತ್ತವೆ. 1922ರಲ್ಲಿ ಸ್ವೀಡನ್ನಿನ ವಾನ್ ಪ್ಲಾಟನ್ ಮತ್ತು ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಇದನ್ನು ಕಂಡುಹಿಡಿದರು. ಓಡುವ ಭಾಗ ಒಂದೂ ಇಲ್ಲ, ಸದ್ದಿಲ್ಲ, ಕರೆಂಟೂ ಬೇಡ. ನಿಜಕ್ಕೂ ಅದ್ಭುತ ಬುದ್ಧಿ, ನನಗೆ ಅದರ ಮೇಲೆ ಬಹಳ ಗೌರವ ಇದೆ. ಆದರೆ ಅದನ್ನು ಕೂರಿಸಿರುವುದು ಎಲ್ಲಿ? ಮರದ ಚೌಕಟ್ಟು, ತೆಳು ಪ್ಲೈವುಡ್ ಗೋಡೆ, ಮೇಲೆ ವಾರ್ನಿಷ್, ಹೊರಗೆ ಅಲ್ಯೂಮಿನಿಯಂ ತಗಡು. ಹೊರಹೋಗಲು ಒಂದೇ ಬಾಗಿಲು. ಬೆಂಕಿ ಹತ್ತಿದರೆ ಯೋಚನೆ ಮಾಡುತ್ತಾ ನಿಲ್ಲಲು ಸಮಯ ಇರುವುದಿಲ್ಲ.

ಟ್ರೇಲರ್ ಓರೆಯಾಗಿ ನಿಂತಿದ್ದರೆ ಒಳಗಿನ ದ್ರವ ಸರಿಯಾಗಿ ವಾಪಸ್ ಹರಿಯುವುದಿಲ್ಲ. ಬರ್ನರ್ ಮೇಲಿನ ಬಾಯ್ಲರ್ ಕೊಳವೆ ಒಣಗಿ ವಿಪರೀತ ಕಾಯುತ್ತದೆ. ಹೀಗೆ ಪದೇ ಪದೇ ಆದರೆ ಉಕ್ಕು ಸೋತು ಬಿರುಕು ಬಿಡುತ್ತದೆ. ಒತ್ತಡದಲ್ಲಿದ್ದ ಹೈಡ್ರೋಜನ್, ಅಮೋನಿಯಾ ಹೊರಗೆ ನುಗ್ಗುತ್ತವೆ, ಪಕ್ಕದಲ್ಲೇ ಜ್ವಾಲೆ ಇದೆ. ಇದು ಬರೀ ಹಳೇ ಫ್ರಿಡ್ಜ್‌ಗಳ ಕಥೆ ಅಂತ ತಿಳಿಯಬೇಡಿ, 2006ರಲ್ಲಿ ಇಂಥ ಫ್ರಿಡ್ಜ್ ಮಾಡುವ ಡೊಮೆಟಿಕ್ ಕಂಪನಿ ಬಾಯ್ಲರ್ ಕೊಳವೆ ಬಿರುಕಿನ ಕಾರಣಕ್ಕೇ ಒಂಬತ್ತು ಲಕ್ಷಕ್ಕೂ ಹೆಚ್ಚು ಫ್ರಿಡ್ಜ್‌ಗಳಿಗೆ ರೀಕಾಲ್ (ದೋಷ ಸರಿಪಡಿಸಲು ವಾಪಸ್ ಕರೆ) ಹೊರಡಿಸಿತ್ತು.

ಸರಿ, ನಮ್ಮ ಟ್ರೇಲರ್ ಜಾಲರಿ ಬಿಚ್ಚಿದಾಗ ಕಂಡದ್ದು ಹೇಳುತ್ತೇನೆ. ಮೂಲೆಯಲ್ಲಿ ಕುಂಬಾರ ಹುಳ ಕಟ್ಟಿದ್ದ ಮಣ್ಣಿನ ಗೂಡು. ಬರ್ನರ್ ಮೇಲೆ ಹೊಗೆಕೊಳವೆಯಿಂದ ಉದುರಿದ ತುಕ್ಕಿನ ಹಕ್ಕಳೆಗಳು. ಅದರ ಸುತ್ತ ತಗಡಿಗೆ ಮಸಿ. ಬರ್ನರ್ ಎದುರಿನ ಪ್ಲೈವುಡ್ ಅಂಗೈಯಷ್ಟು ಜಾಗದಲ್ಲಿ ಕಂದು ತಿರುಗಿತ್ತು, ಉಗುರಿನಿಂದ ಕೆರೆದರೆ ಪುಡಿ ಪುಡಿ. ಎಲ್ಲಕ್ಕಿಂತ ಮುಖ್ಯವಾಗಿ, ಬಾಯ್ಲರ್ ಬುಡದ ಬೆಸುಗೆ ಹತ್ತಿರ ಅರಿಸಿನ ಚೆಲ್ಲಿದ ಹಾಗೆ ಹಳದಿ ಪುಡಿ. ಅದು ಸೋಡಿಯಂ ಕ್ರೋಮೇಟ್. ಕೊಳವೆ ಒಳಗಿನಿಂದ ತುಕ್ಕು ಹಿಡಿಯದಿರಲಿ ಅಂತ ದ್ರವಕ್ಕೆ ಬೆರೆಸಿರುತ್ತಾರೆ. ಅದು ಹೊರಗೆ ಕಂಡಿತು ಅಂದರೆ ಕೊಳವೆ ಸೋರಿದೆ ಅಂತಲೇ ಅರ್ಥ, ಅಲ್ಲಿಗೆ ಆ ಫ್ರಿಡ್ಜ್ ಕಥೆ ಮುಗಿಯಿತು. ಬರಿಗೈಯಲ್ಲಿ ಮುಟ್ಟಬೇಡಿ, ಗುಡಿಸಿ ಧೂಳೆಬ್ಬಿಸಬೇಡಿ, ಅದು ವಿಷ.

ಇನ್ನೊಂದು ನೋಡಬೇಕಾದದ್ದು ಸಂದುಗಳು. ಫ್ರಿಡ್ಜ್ ಹಿಂದಿನ ಜಾಗ ಮಲಗುವ ಕೋಣೆಯಿಂದ ಪೂರ್ತಿ ಬೇರೆಯಾಗಿರಬೇಕು. ಕೆಳಗಿನ ಜಾಲರಿಯಿಂದ ಗಾಳಿ ಬಂದು ಚಾವಣಿಯ ಚಿಮಣಿಯಿಂದ ಹೊರಗೆ ಹೋಗಬೇಕು, ಒಳಗೆ ಒಂದು ಎಳೆಯಷ್ಟೂ ಬರಬಾರದು. ನಮ್ಮದರಲ್ಲಿ ಫ್ರಿಡ್ಜ್ ಪಕ್ಕದ ಪಟ್ಟಿ ಬಿಟ್ಟುಕೊಂಡು ಬೆರಳು ತೂರುವಷ್ಟು ಸಂದು ಇತ್ತು. ಬರ್ನರ್‌ನಲ್ಲಿ ಮಸಿ ಅಂದರೆ ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ, ಅಂದರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ. ಆ ಸಂದಿನ ಪಕ್ಕದಲ್ಲೇ ತಲೆ ಇಟ್ಟು ಮಲಗುವ ಹಾಸಿಗೆ! ಅಮೆರಿಕದಲ್ಲಿ ಸರ್ವೆಲ್ ಅಂತ ಹಳೇ ಗ್ಯಾಸ್ ಫ್ರಿಡ್ಜ್ ಇದೆ, 1933ರಿಂದ 1957ರವರೆಗೆ ತಯಾರಾದವು. ಅವುಗಳಿಂದ ಇದೇ ವಿಷಗಾಳಿ ಬಂದು ಜನ ಸತ್ತಿದ್ದಾರೆ. ಬಳಸಬೇಡಿ ಅಂತ ಸರ್ಕಾರವೇ ಎಚ್ಚರಿಕೆ ಕೊಟ್ಟಿದೆ. ಹಳೇ ಕ್ಯಾಬಿನ್, ಟ್ರೇಲರ್‌ಗಳಲ್ಲಿ ಇನ್ನೂ ಸಿಗುತ್ತವೆ. ನೋಡೋಕೆ ತುಂಬಾ ಚೆಂದ. ಬೇಡ.

ಇನ್ನು ಗ್ಯಾಸ್ ಲೈನ್. ಊರಲ್ಲಿ ಅಮ್ಮ ರಾತ್ರಿ ಮಲಗುವ ಮುಂಚೆ ಸಿಲಿಂಡರ್ ಆಫ್ ಮಾಡಿದ್ದೀಯಾ ಅಂತ ಕೇಳದ ದಿನ ಇಲ್ಲ. ಆ ಅಭ್ಯಾಸ ಇಲ್ಲೂ ಬಿಡಬೇಡಿ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದರೆ ನೆಲದಲ್ಲಿ, ಮಂಚದ ಕೆಳಗಿನ ಡಬ್ಬಿಗಳಲ್ಲಿ ಕೂರುತ್ತದೆ. ಗಾಳಿಯಲ್ಲಿ 2 ಶೇಕಡಕ್ಕಿಂತ ಸ್ವಲ್ಪ ಜಾಸ್ತಿ ಸೇರಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಫ್ರಿಡ್ಜ್ ಬರ್ನರ್ ಇರುವುದೂ ನೆಲದ ಮಟ್ಟದಲ್ಲೇ, ಅಲ್ವಾ?

ಸೋರಿಕೆ ಪರೀಕ್ಷೆಗೆ ಬರೀ ನೊರೆ ಹಚ್ಚಿ ನೋಡಿದರೆ ಸಾಲದು, ಯಾಕೆಂದರೆ ಅರ್ಧ ಪೈಪು ಗೋಡೆ ಹಿಂದೆ, ನೆಲದ ಕೆಳಗೆ ಇರುತ್ತದೆ. ನಾನು ಒಂದು ಹಲಗೆಗೆ ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಬಡಿದು, ಬಣ್ಣದ ನೀರು ತುಂಬಿ, ಇಂಚುಪಟ್ಟಿ ಅಂಟಿಸಿದೆ. ಒಂದು ತುದಿಯನ್ನು ಒಲೆಯ ಬರ್ನರ್ ಜೆಟ್‌ಗೆ (ಗ್ಯಾಸ್ ಹೊರಬರುವ ಸಣ್ಣ ತೂತಿನ ಮೂತಿ) ಸಿಕ್ಕಿಸಿ ಆ ನಾಬ್ ತೆರೆದೆ. ಗ್ಯಾಸ್ ಬಿಟ್ಟಾಗ ಎರಡೂ ಕಡೆಯ ನೀರಿನ ಮಟ್ಟದ ವ್ಯತ್ಯಾಸ 11 ಇಂಚು ಬರಬೇಕು, ಊರಿನ ಅಡುಗೆಮನೆ ರೆಗ್ಯುಲೇಟರ್ ಕೊಡುವ ಒತ್ತಡವೂ ಹೆಚ್ಚುಕಡಿಮೆ ಇಷ್ಟೇ. ಆಮೇಲೆ ಸಿಲಿಂಡರ್ ಮುಚ್ಚಿ, ಇನ್ನೊಂದು ಬರ್ನರ್‌ನಿಂದ ಚೂರು ಗ್ಯಾಸ್ ಬಿಟ್ಟು ವ್ಯತ್ಯಾಸವನ್ನು 8 ಇಂಚಿಗೆ ಇಳಿಸಿ ಆ ಬರ್ನರ್ ಮುಚ್ಚಬೇಕು. ಇಳಿಸುವುದು ಯಾಕೆ ಅಂದರೆ ಸಿಲಿಂಡರ್ ಮತ್ತು ರೆಗ್ಯುಲೇಟರ್ ನಡುವಿನ ಪೈಪಲ್ಲಿ ಹೆಚ್ಚು ಒತ್ತಡದ ಗ್ಯಾಸ್ ಉಳಿದಿರುತ್ತದೆ, ಅದು ಸೋರಿದ್ದನ್ನು ತುಂಬಿಕೊಡುತ್ತಾ ನಮಗೆ ಏನೂ ಕಾಣದ ಹಾಗೆ ಮಾಡಿಬಿಡುತ್ತದೆ. ಈಗ 3 ನಿಮಿಷ ಕಾಯಬೇಕು. ನೀರು ಅಲ್ಲಾಡಬಾರದು. ನಮ್ಮದರಲ್ಲಿ ನೀರು ನಿಧಾನವಾಗಿ, ಕಣ್ಣಿಗೆ ಕಾಣುವಂತೆ ಇಳಿಯುತ್ತಾ ಹೋಯಿತು. ವಾಸನೆ ಮಾತ್ರ ಒಂಚೂರೂ ಇರಲಿಲ್ಲ.

ಹುಡುಕಿದಾಗ ಸಿಕ್ಕಿದ್ದು ಫ್ರಿಡ್ಜ್ ಕೆಳಗೆ. ತಾಮ್ರದ ಪೈಪು ನೆಲದ ತೂತಿನಿಂದ ಮೇಲೆ ಬರುವ ಕಡೆ ರಬ್ಬರ್ ಬಳೆ ಇರಲಿಲ್ಲ. ಇಷ್ಟು ವರ್ಷ ರಸ್ತೆ ಮೇಲೆ ಅಲುಗಾಡಿ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ತಾಮ್ರ ಕಾಗದದಷ್ಟು ತೆಳುವಾಗಿತ್ತು. ತೇಪೆ ಹಾಕಲಿಲ್ಲ, ಪೂರ್ತಿ ಲೈನ್ ಹೊಸದು ಎಳೆದೆವು. ಫ್ಲೇರ್ ಜಾಯಿಂಟ್‌ಗೆ (ಪೈಪಿನ ಬಾಯಿ ಅಗಲಿಸಿ ನಟ್ ಬಿಗಿಯುವ ಕೀಲು) ಟೆಫ್ಲಾನ್ ಟೇಪ್ ಸುತ್ತಬೇಡಿ, ಅಲ್ಲಿ ಲೋಹಕ್ಕೆ ಲೋಹ ಕೂತೇ ಬಿಗಿಯಾಗುವುದು. ನೊರೆಗೆ ಪಾತ್ರೆ ಸೋಪ್ ಬಳಸಬೇಡಿ. ಅಮೋನಿಯಾ ಇರುವ ಸೋಪು ಹಿತ್ತಾಳೆಯಲ್ಲಿ ಬಿರುಕು ತರಿಸುತ್ತದೆ. ಅಂಗಡಿಯಲ್ಲಿ ಅದಕ್ಕೇ ಅಂತ ದ್ರವ ಸಿಗುತ್ತದೆ. ಕೊನೆಗೆ ಲೈಸೆನ್ಸ್ ಇರುವ ಗ್ಯಾಸ್ ಮೆಕ್ಯಾನಿಕ್ ಕರೆಸಿ ಮತ್ತೆ ಪರೀಕ್ಷೆ ಮಾಡಿಸಿದೆವು. ಈ ಖರ್ಚಿನಲ್ಲಿ ಉಳಿತಾಯ ನೋಡಬಾರದು.

ಟ್ರೇಲರ್ ಜೊತೆ ಬಂದ ಸಿಲಿಂಡರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2002ರಿಂದ ಈಚೆಗೆ, ಅತಿಯಾಗಿ ತುಂಬದಂತೆ ತಡೆಯುವ ವಾಲ್ವ್ ಇಲ್ಲದ ಸಣ್ಣ ಸಿಲಿಂಡರ್‌ಗಳನ್ನು ಇಲ್ಲಿ ತುಂಬಿಸಿಕೊಡುವುದಿಲ್ಲ. ರೆಗ್ಯುಲೇಟರ್, ರಬ್ಬರ್ ಪೈಪು, ಸಿಲಿಂಡರ್ ಮೂರೂ ಸುಮ್ನೆ ಹೊಸದು ತಗೊಳ್ಳಿ.

ಫ್ರಿಡ್ಜ್ ನಾನು ತೆಗೆದುಹಾಕಿದೆ. ಬಾಗಿಲು, ಹಿಡಿ ಎಲ್ಲ ಅಷ್ಟು ಮುದ್ದಾಗಿದ್ದವು, ಮನಸ್ಸಿಗೆ ಬೇಜಾರಾಯಿತು. ಆದರೂ ಅಲ್ಲೀಗ 12 ವೋಲ್ಟ್‌ನ ಕಂಪ್ರೆಸರ್ ಫ್ರಿಡ್ಜ್ ಇದೆ. ಹಳೇ ಫ್ರಿಡ್ಜ್‌ಗೆ ಹೋಗುತ್ತಿದ್ದ ಗ್ಯಾಸ್ ಕವಲನ್ನು ಮೂಲದಲ್ಲೇ ತೆಗೆಸಿ, ಹಿತ್ತಾಳೆ ಮುಚ್ಚಳ ಹಾಕಿಸಿದೆ. ನಿಮ್ಮ ಫ್ರಿಡ್ಜ್ ಸೋರಿಲ್ಲ, ಇಟ್ಟುಕೊಳ್ಳಲೇಬೇಕು ಅಂತಿದ್ದರೆ ಇಟ್ಟುಕೊಳ್ಳಿ, ತಪ್ಪಿಲ್ಲ. ಜ್ವಾಲೆ ಆರಿದರೆ ಗ್ಯಾಸ್ ತಾನಾಗಿ ನಿಲ್ಲುವ ವ್ಯವಸ್ಥೆ ಇದೆಯಾ ನೋಡಿ. ತುಂಬಾ ಹಳೆಯವುಗಳಲ್ಲಿ ಅದೇ ಇರುವುದಿಲ್ಲ, ಅಂಥದ್ದನ್ನು ಹಚ್ಚಲೇಬೇಡಿ. ವರ್ಷಕ್ಕೊಮ್ಮೆ ಹೊಗೆಕೊಳವೆ, ಬರ್ನರ್ ಕ್ಲೀನ್ ಮಾಡಿಸಿ. ಜೆಟ್‌ಗೆ ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಜ್ವಾಲೆಯೂ ದೊಡ್ಡದಾಗುತ್ತದೆ. ನಿಲ್ಲಿಸಿದ ಕಡೆ ಫ್ರೀಜರ್ ಒಳಗೆ ರಸಮಟ್ಟ ಇಟ್ಟು ನೋಡಿಯೇ ಹಚ್ಚಿ. ಗಾಡಿ ಓಡುವಾಗ ಸಿಲಿಂಡರ್ ಮುಚ್ಚಿರಲಿ. ಪೆಟ್ರೋಲ್ ಬಂಕ್‌ಗೆ ಆ ಜ್ವಾಲೆ ಹೊತ್ತುಕೊಂಡು ಹೋಗುವುದನ್ನು ನೆನೆಸಿಕೊಂಡರೇ ನನಗೆ ಭಯ ಆಗುತ್ತದೆ.

ಗ್ಯಾಸ್ ಅಲಾರ್ಮ್ ನೆಲದ ಹತ್ತಿರ ಹಾಕಿ. ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಮಲಗುವ ಕಡೆ, ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಪಕ್ಕ. ಅಲಾರ್ಮ್‌ಗಳಿಗೂ ಆಯಸ್ಸು ಇರುತ್ತದೆ, ತಾರೀಖು ಹಿಂಬದಿಯಲ್ಲಿ ಅಚ್ಚಾಗಿರುತ್ತದೆ. ಸೆಕೆಂಡ್ ಹ್ಯಾಂಡ್ ಟ್ರೇಲರ್ ಆದರೆ ಹಾಗೇ ನಂಬಬೇಡಿ, ಬಿಚ್ಚಿ ತಿರುಗಿಸಿ ನೋಡಿ.