ನಿಲ್ಲಲೊಲ್ಲದ ಫ್ಯಾನು

ಫ್ಯಾನು ತಿರುಗುತ್ತಿಲ್ಲ ಎಂದು ಕರೆಯುವವರೇ ಹೆಚ್ಚು. ನಿಲ್ಲುತ್ತಿಲ್ಲ ಎಂದು ಕರೆಯುವವರು ವರ್ಷಕ್ಕೆ ಒಬ್ಬರೋ ಇಬ್ಬರೋ. ತುಮಕೂರಿನಲ್ಲಿ 24 ವರ್ಷಗಳಿಂದ ವೈರಿಂಗ್ ಕೆಲಸ ಮಾಡಿಕೊಂಡಿರುವ ನನಗೆ ಅಂಥ ಕರೆ ಬಂದರೆ ಮೊದಲು ನೆನಪಾಗುವುದು ದೇವರಾಯನದುರ್ಗದ ದಾರಿಯಲ್ಲಿರುವ ಒಂದು ತೋಟದ ಮನೆ. ಸ್ವಿಚ್ಚು ಬದಲಾಯಿಸಿದೆ, ವೈರು ಬಿಚ್ಚಿದೆ, ಕೊನೆಗೆ ಮೈನ್ ಸ್ವಿಚ್ಚನ್ನೇ ಕೆಳಗಿಳಿಸಿದೆ. ಬಚ್ಚಲಿನ ಎಕ್ಸಾಸ್ಟ್ ಫ್ಯಾನು ಆಗಲೂ ಗಿರಗಿರ ತಿರುಗುತ್ತಲೇ ಇತ್ತು. ಅದನ್ನು ತಿರುಗಿಸುತ್ತಿದ್ದದ್ದು ಆಷಾಢದ ಗಾಳಿ. ಹೊರಗಿನ ರೆಕ್ಕೆ ಮುಚ್ಚಳ ಮುರಿದುಹೋಗಿತ್ತು, ಅಷ್ಟೇ. ಅಂದಿನಿಂದ ಇಂಥ ಮನೆಗೆ ಹೋದರೆ ಮೊದಲು ಫ್ಯಾನಿನ ಸದ್ದು ಕೇಳುತ್ತೇನೆ. ಗಾಳಿಗೆ ತಿರುಗುವ ಫ್ಯಾನಿಗೆ ಮೋಟಾರಿನ ಗುಂಯ್‌ಗುಡುವಿಕೆ ಇರುವುದಿಲ್ಲ.

ಈಗ ಹೇಳಹೊರಟಿರುವ ಫ್ಯಾನು ಚೆನ್ನಾಗಿಯೇ ಗುಂಯ್‌ಗುಡುತ್ತಿತ್ತು. ಮನೆ ಕ್ಯಾತ್ಸಂದ್ರದಲ್ಲಿ. ನಿವೃತ್ತ ಮೇಷ್ಟ್ರು, ಅವರ ಹೆಂಡತಿ, ಇಬ್ಬರೇ ಇರುವುದು. ಗೌರಿ ಹಬ್ಬಕ್ಕೆ ಇನ್ನೂ ಒಂದು ವಾರವಿತ್ತು. ಮೇಷ್ಟ್ರು ಫೋನಿನಲ್ಲಿ ಹೇಳಿದ್ದು ಇಷ್ಟು: “ಬಚ್ಚಲುಮನೆ ಫ್ಯಾನು ಆಫ್ ಮಾಡಿದರೂ ಆಫ್ ಆಗುವುದಿಲ್ಲವಪ್ಪಾ. ಎಂಸಿಬಿ ಇಳಿಸಿದರೆ ಮಾತ್ರ ನಿಲ್ಲುತ್ತದೆ. ಅದನ್ನು ಇಳಿಸಿದರೆ ದೀಪವೂ ಹೋಗುತ್ತದೆ.” ಎಂಸಿಬಿ ಎಂದರೆ ಮೈನ್ ಬೋರ್ಡಿನಲ್ಲಿ ಮನೆಯ ಒಂದು ಭಾಗದ ಕರೆಂಟನ್ನೇ ಕಡಿಯುವ ಸ್ವಿಚ್ಚು. ಹೋಗಿ ನೋಡಿದರೆ ಸೋಪಿನ ಗೂಡಿನಲ್ಲಿ ಮೊಬೈಲು ನೆಟ್ಟಗೆ ನಿಲ್ಲಿಸಿದ್ದರು. ಅದು ಬೀಳದಿರಲೆಂದು ಒಂದು ಚೊಂಬು ಒತ್ತಾಗಿಟ್ಟಿತ್ತು. ಹತ್ತು ದಿನಗಳಿಂದ ಆ ಟಾರ್ಚಿನ ಬೆಳಕಿನಲ್ಲೇ ಸ್ನಾನ.

ಅವರಿಗೆ ಚಿಂತೆ ಕರೆಂಟ್ ಬಿಲ್ಲಿನದು. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು, ಅವರು ಆ ಗಡಿಯ ಅಂಚಿನಲ್ಲೇ ಇರುವವರು. 25 ವ್ಯಾಟಿನ ಫ್ಯಾನು ಹಗಲೂ ರಾತ್ರಿ ತಿರುಗಿದರೆ ದಿನಕ್ಕೆ 0.6 ಯೂನಿಟ್, ತಿಂಗಳಿಗೆ 18. ಮೇಷ್ಟ್ರು ಈ ಲೆಕ್ಕವನ್ನು ನನಗಿಂತ ಮೊದಲೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಾಡಿಟ್ಟಿದ್ದರು.

ಫ್ಯಾನು ನಮ್ಮ ಅಂಗಡಿಗಳಲ್ಲಿ ಸಿಗುವಂಥದ್ದಲ್ಲ. ಇಂಗ್ಲೆಂಡಿನಲ್ಲಿರುವ ಮಗ ಹಿಂದಿನ ಚಳಿಗಾಲದಲ್ಲಿ ಬಂದಾಗ ಪೆಟ್ಟಿಗೆಯಲ್ಲಿಟ್ಟು ತಂದದ್ದು. ಅಲ್ಲಿಯೂ ಇಲ್ಲಿಯೂ 230 ವೋಲ್ಟ್, 50 ಹರ್ಟ್ಜ್, ಆದ್ದರಿಂದ ತೊಂದರೆಯಿಲ್ಲ. ಆದರೆ ಅಲ್ಲಿನವರ ಸ್ನಾನದ ಮನೆಯ ಲೆಕ್ಕವೇ ಬೇರೆ. ಚಳಿಗೆ ಕಿಟಕಿ ತೆರೆಯುವ ಹಾಗಿಲ್ಲ, ಎಷ್ಟೋ ಕಡೆ ಕಿಟಕಿಯೇ ಇರುವುದಿಲ್ಲ. ಫ್ಯಾನು ಸೆಕೆಂಡಿಗೆ 15 ಲೀಟರ್ ಗಾಳಿಯನ್ನು ಹೊರಹಾಕಬೇಕು, ಕಿಟಕಿ ಇಲ್ಲದಿದ್ದರೆ ಆಫ್ ಮಾಡಿದ ಮೇಲೂ 15 ನಿಮಿಷ ತಿರುಗುತ್ತಿರಬೇಕು ಎಂದು ಅಲ್ಲಿನ ಕಟ್ಟಡ ನಿಯಮಗಳ ಮಾರ್ಗಸೂಚಿಯೇ ಹೇಳುತ್ತದೆ. ಆದ್ದರಿಂದ ಆ ಫ್ಯಾನುಗಳ ಹೊಟ್ಟೆಯೊಳಗೆ ಒಂದು ಟೈಮರ್ ಇರುತ್ತದೆ, ಕೆಲವದರಲ್ಲಿ ಗಾಳಿಯ ತೇವ ಅಳೆಯುವ ಸೆನ್ಸರ್ ಕೂಡ. ಮೇಷ್ಟ್ರ ಫ್ಯಾನಿನಲ್ಲಿ ಎರಡೂ ಇದ್ದವು.

ಇದರಿಂದ ವೈರಿಂಗ್ ಬದಲಾಗುತ್ತದೆ. ನಮ್ಮ ಸಾಮಾನ್ಯ ಎಕ್ಸಾಸ್ಟ್ ಫ್ಯಾನಿಗೆ ಸ್ವಿಚ್ಚಿನಿಂದ ಕರೆಂಟು ತರುವ ಫೇಸ್, ಅದನ್ನು ಹಿಂದಕ್ಕೆ ಒಯ್ಯುವ ನ್ಯೂಟ್ರಲ್, ಅರ್ಥ್, ಮೂರೇ ವೈರು. ಸ್ವಿಚ್ಚು ಆರಿತೆಂದರೆ ಫ್ಯಾನಿಗೆ ಅನ್ನವೇ ಇಲ್ಲ. ಟೈಮರ್ ಫ್ಯಾನಿಗೆ ನಾಲ್ಕನೆಯದೊಂದು ಬೇಕು. ಸ್ವಿಚ್ಚಿನ ಗೊಡವೆಯಿಲ್ಲದೆ ಸದಾ ಇರುವ ಫೇಸ್ ಒಂದು, ಸ್ವಿಚ್ಚಿನ ಮೂಲಕ ಬರುವ ಫೇಸ್ ಇನ್ನೊಂದು. ಮೊದಲನೆಯದು ಊಟ, ಎರಡನೆಯದು ಬರೀ ಅಪ್ಪಣೆ. ಅಪ್ಪಣೆ ಬಂದಾಗ ಫ್ಯಾನು ತಿರುಗುತ್ತದೆ, ನಿಂತಾಗ ಟೈಮರ್ 15 ನಿಮಿಷ ಎಣಿಸಿ ಅದನ್ನು ನಿಲ್ಲಿಸುತ್ತದೆ. ಅಂದರೆ ಇಂಥ ಫ್ಯಾನು ನಿಲ್ಲುತ್ತಿಲ್ಲವೆಂದರೆ ಬಹುಪಾಲು ಅದು ಕೆಟ್ಟಿರುವುದಿಲ್ಲ, ಯಾರೋ ತಿರುಗು ಎಂದು ಹೇಳುತ್ತಲೇ ಇರುತ್ತಾರೆ. ಹೊಸ ಫ್ಯಾನು ತಂದು ಹಾಕಿದರೆ ಅದೂ ತಿರುಗುತ್ತಲೇ ಇರುತ್ತದೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈ ಫ್ಯಾನಿನ ಸ್ವಿಚ್ಚು ಆರಿಸಿ ಮುಚ್ಚಳ ಬಿಚ್ಚಿದರೆ ಒಳಗೆ 230 ವೋಲ್ಟ್ ಹಾಗೆಯೇ ಕುಳಿತಿರುತ್ತದೆ. ಇಂಗ್ಲೆಂಡಿನಲ್ಲಿ ಇದಕ್ಕೆಂದೇ ಎರಡೂ ಫೇಸ್ ಮತ್ತು ನ್ಯೂಟ್ರಲ್ ಅನ್ನು ಒಟ್ಟಿಗೆ ಕಡಿಯುವ ಸ್ವಿಚ್ಚನ್ನು ಹತ್ತಿರದಲ್ಲಿ ಹಾಕಿರುತ್ತಾರೆ. ಇಲ್ಲಿ ಯಾರೂ ಹಾಕಿರಲಿಲ್ಲ. ಎಂಸಿಬಿ ಇಳಿಸಬೇಕು, ಟೆಸ್ಟರನ್ನು ಮೊದಲು ಕರೆಂಟಿರುವ ಸಾಕೆಟ್ಟಿಗೆ ಇಟ್ಟು ಅದು ಬದುಕಿದೆಯೇ ನೋಡಬೇಕು, ಆಮೇಲೆ ಫ್ಯಾನಿನ ಟರ್ಮಿನಲ್‌ಗಳಿಗೆ ಇಡಬೇಕು. ಒದ್ದೆ ನೆಲದ ಮೇಲೆ ಸ್ಟೂಲ್ ಹಾಕಿಕೊಂಡು ಮಾಡುವ ಕೆಲಸವಿದು.

ಮುಚ್ಚಳದ ಕೆಳಗೆ ಕಡಲೆಕಾಳಿನಷ್ಟು ಗಾತ್ರದ ಎರಡು ತಿರುಪುಗಳಿದ್ದವು. ಒಂದು ಸಮಯದ್ದು, ಒಂದು ತೇವದ್ದು. ತೇವದ ತಿರುಪು 60ರಲ್ಲಿತ್ತು. ಹೊರಗೆ ಜಿಟಿಜಿಟಿ ಮಳೆ. ನನ್ನ ಮುಖ ಅರಳಿತು. ಶ್ರಾವಣದ ಬೆಳಗಿನಲ್ಲಿ ನಮ್ಮಲ್ಲಿ ಹೊರಗಿನ ಗಾಳಿಯ ತೇವವೇ ಶೇಕಡಾ 80ನ್ನು ದಾಟಿರುತ್ತದೆ. ಫ್ಯಾನು ಒಳಗಿನ ಗಾಳಿಯನ್ನು ಹೊರಗೆ ತಳ್ಳಿದರೆ ಬಾಗಿಲ ಸಂದಿಯಿಂದ ಒಳಗೆ ಬರುವುದೂ ಅದೇ ಒದ್ದೆ ಗಾಳಿ. ಯುಗಾದಿಯವರೆಗೆ ತಿರುಗಿದರೂ ಅದು 60ಕ್ಕೆ ಇಳಿಯುವುದಿಲ್ಲ. ತಿರುಪನ್ನು 90ಕ್ಕೆ ತಿರುಗಿಸಿದೆ. “ಮೇಷ್ಟ್ರೇ, ಮಳೆಗಾಲದ ತಂಡಿ ಇದಕ್ಕೆ ಹಿಡಿದುಬಿಟ್ಟಿತ್ತು. ಇನ್ನು ಹದಿನೈದು ನಿಮಿಷಕ್ಕೆ ತಾನೇ ನಿಲ್ಲುತ್ತದೆ” ಎಂದೆ. ಮುನ್ನೂರು ರೂಪಾಯಿ ಕೊಟ್ಟರು.

ಹೊರಡುವಾಗ ಅಮ್ಮನವರು ಅಡುಗೆಮನೆ ಬಾಗಿಲಿನಿಂದ, “ಆ ಬಚ್ಚಲು ದೀಪವೂ ಆರಿಸಿದ ಮೇಲೆ ಮಿಣಮಿಣ ಅನ್ನುತ್ತಿರುತ್ತದಪ್ಪಾ, ರಾತ್ರಿ ಹೊತ್ತು ಕಾಣುತ್ತದೆ” ಎಂದರು. “ಎಲ್‌ಇಡಿ ಬಲ್ಬ್ ಹಾಗೆಯೇ ಅಮ್ಮ” ಎಂದು ಹೇಳಿ ಗಾಡಿ ಹತ್ತಿದೆ. ಗುಬ್ಬಿ ಗೇಟಿನಲ್ಲಿ ಒಂದು ನೀರಿನ ಮೋಟಾರು ಕಾಯುತ್ತಿತ್ತು. ಹದಿನೈದು ನಿಮಿಷ ನಿಂತಿದ್ದರೆ ಒಂದು ಲೋಟ ಕಾಫಿಯೂ ಸಿಗುತ್ತಿತ್ತು, ಮರುದಿನದ ನಾಚಿಕೆಯೂ ತಪ್ಪುತ್ತಿತ್ತು.

ಮರುದಿನ ಬೆಳಿಗ್ಗೆ ಏಳಕ್ಕೆ ಫೋನು. ಮೇಷ್ಟ್ರು ಬಯ್ಯಲಿಲ್ಲ. “ನಿನ್ನ ಉತ್ತರ ತಪ್ಪಪ್ಪಾ” ಎಂದರು, ಅಷ್ಟೇ.

ಈ ಸಲ ನಮ್ಮ ಹುಡುಗನನ್ನೂ ಕರೆದುಕೊಂಡು ಹೋದೆ. ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸವನ್ನು ಎರಡನೆಯ ದಿನ ಮಾಡಿದೆ. ಎಂಸಿಬಿ ಇಳಿಸಿ, ಅಪ್ಪಣೆಯ ವೈರನ್ನು ಫ್ಯಾನಿನ ಟರ್ಮಿನಲ್‌ನಿಂದ ಬಿಚ್ಚಿ, ತುದಿಗೆ ಟೇಪು ಸುತ್ತಿ, ಎಂಸಿಬಿ ಮತ್ತೆ ಏರಿಸಿದೆ. ಆ ವೈರು ಇಲ್ಲದೆಯೂ ಫ್ಯಾನು ತಿರುಗಿದರೆ ದೋಷ ಅದರ ಒಳಗಿದೆ: ತೇವದ ಸೆನ್ಸರೋ, ಫ್ಯಾನಿಗೆ ಕರೆಂಟು ಬಿಡುವ ರಿಲೇ ಅಂಟಿಕೊಂಡಿದೆಯೋ, ಬೋರ್ಡಿಗೆ ಇಳಿದ ನೀರೋ. ತಿರುಗದಿದ್ದರೆ ಅಪ್ಪಣೆ ಹೊರಗಿನಿಂದ ಬರುತ್ತಿದೆ. ಈ ಸಲ ಕಾಫಿ ಕುಡಿದೇ ಕಾದೆವು. ಅರ್ಧ ಗಂಟೆಯಾದರೂ ಫ್ಯಾನು ಮಿಸುಕಲಿಲ್ಲ. ತಂಡಿಯ ಮೇಲೆ ಹೊರಿಸಿದ ಅಪವಾದ ಸುಳ್ಳಾಯಿತು.

ಹಾಗಾದರೆ ಸ್ವಿಚ್ಚು. ಸ್ವಿಚ್ಚಿನ ಒಳಗಿನ ಲೋಹದ ಗುಂಡಿಗಳು ಸುಟ್ಟು ಅಂಟಿಕೊಂಡು ಆಫ್ ಮಾಡಿದರೂ ಆಫ್ ಆಗದಿರುವುದುಂಟು. ಗೀಸರ್ ಸ್ವಿಚ್ಚುಗಳಲ್ಲಿ ಎಷ್ಟೋ ನೋಡಿದ್ದೇನೆ. ಆದರೆ 25 ವ್ಯಾಟಿನ ಫ್ಯಾನು ಸ್ವಿಚ್ಚನ್ನು ಸುಡುವುದಿಲ್ಲ, ಅದರಲ್ಲೂ ಇದು ಬರೀ ಅಪ್ಪಣೆ ಕೊಡುವ ಸ್ವಿಚ್ಚು. ಕರೆಂಟು ತೆಗೆದು ಮೀಟರಿನಲ್ಲಿ ನೋಡಿದೆ, ಆಫ್ ಇದ್ದಾಗ ಸಂಪರ್ಕ ಕಡಿದೇ ಇತ್ತು. ವೈರನ್ನು ಮತ್ತೆ ಫ್ಯಾನಿಗೆ ಸೇರಿಸಿ ಕರೆಂಟು ಕೊಟ್ಟೆ. ಕೆಲವೇ ಕ್ಷಣ, ಫ್ಯಾನು ಶುರುವಾಯಿತು. ಸ್ವಿಚ್ಚು ಆಫ್ ಇದ್ದಂತೆಯೇ ಆ ವೈರಿಗೂ ನ್ಯೂಟ್ರಲ್‌ಗೂ ಮೀಟರ್ ಹಿಡಿದರೆ ಎಂಬತ್ತು ಚಿಲ್ಲರೆ ವೋಲ್ಟ್.

ಹುಡುಗ, “ಅಣ್ಣ, ಪೈಪಿನೊಳಗೆ ವೈರು ಕೆಟ್ಟುಹೋಗಿದೆ, ಹೊಸದು ಎಳೆಯೋಣ” ಎಂದ. ಎಳೆಯಬಹುದು, ಆದರೆ ಹಬ್ಬಕ್ಕೆ ಬಣ್ಣ ಹೊಡೆಸಿದ ಗೋಡೆ. ಅದನ್ನು ಕೆದಕುವ ಮೊದಲು ಟೆಸ್ಟ್ ಲ್ಯಾಂಪ್ ತಾ ಎಂದೆ. ಹೋಲ್ಡರಿಗೆ ಎರಡು ವೈರು ಕಟ್ಟಿ ಹಳೆಯ 60 ವ್ಯಾಟಿನ ತಂತಿ ಬಲ್ಬು ಹಾಕಿಟ್ಟುಕೊಂಡಿರುವುದು, ಅದೇ ನನ್ನ ಟೆಸ್ಟ್ ಲ್ಯಾಂಪ್. ಡಿಜಿಟಲ್ ಮೀಟರ್ ವೈರಿನಿಂದ ಹೆಚ್ಚುಕಡಿಮೆ ಏನನ್ನೂ ಕುಡಿಯುವುದಿಲ್ಲ, ಆದ್ದರಿಂದ ಹುಸಿ ವೋಲ್ಟನ್ನೂ ನಿಜವೆಂದೇ ತೋರಿಸುತ್ತದೆ. ಬಲ್ಬು ಹಾಗಲ್ಲ, ಎಳೆದು ನೋಡುತ್ತದೆ. ಬಲ್ಬನ್ನು ಆ ವೈರಿಗೂ ನ್ಯೂಟ್ರಲ್‌ಗೂ ಸೇರಿಸಿದೆ. ಬಲ್ಬು ಹತ್ತಲಿಲ್ಲ, ಮೀಟರಿನ ಎಂಬತ್ತು ಸೊನ್ನೆಗೆ ಬಿತ್ತು. ಬಾಯಿ ಜೋರು, ಮೈಯಲ್ಲಿ ಕಸುವಿಲ್ಲ. ಕೆಟ್ಟ ವೈರಿನ ಲಕ್ಷಣವಲ್ಲ ಇದು. ಎಲ್ಲಿಂದಲೋ ಒಂದು ಹನಿ ಸೋರುತ್ತಿದೆ.

ಆಗ ಹುಡುಗ ಸ್ವಿಚ್ಚಿನ ಕಡೆ ಕೈ ತೋರಿಸಿದ. “ಅಣ್ಣ, ಬಲ್ಬು ಹಾಕಿದ ತಕ್ಷಣ ಇದು ಜೋರಾಗಿ ಉರಿಯಿತು. ಆಗ ಫ್ಯಾನಿನ ವೈರು ಬಿಚ್ಚಿದಾಗ ಆರಿಹೋಗಿತ್ತು.”

ಸ್ವಿಚ್ಚಿನ ಮೂಲೆಯಲ್ಲಿ ಸಾಸಿವೆಯಷ್ಟು ಕೆಂಪು ಕಣ್ಣು. ಕತ್ತಲಿನಲ್ಲಿ ಸ್ವಿಚ್ಚು ಎಲ್ಲಿದೆ ಎಂದು ಕಾಣಲಿ ಎಂದು ಆಫ್ ಇದ್ದಾಗ ಉರಿಯುವ ನಿಯಾನ್ ದೀಪ. ಅದಕ್ಕೆ ನ್ಯೂಟ್ರಲ್ ಕೊಟ್ಟಿರುವುದಿಲ್ಲ. ಸ್ವಿಚ್ಚಿನ ಒಂದು ಬದಿಯಿಂದ ಇನ್ನೊಂದು ಬದಿಗೆ, ಒಂದು ದೊಡ್ಡ ರೆಸಿಸ್ಟರಿನ ಮೂಲಕ, ಅಡ್ಡಲಾಗಿ ಕುಳಿತಿರುತ್ತದೆ. ಅದರ ಕರೆಂಟು ಮುಂದೆ ಹೋಗಿ ಯಾವುದಾದರೂ ಉಪಕರಣದ ಮೂಲಕವೇ ನ್ಯೂಟ್ರಲ್ ಸೇರಬೇಕು. ಹೋಗುವುದು ಒಂದು ಮಿಲಿಆಂಪ್‌ಗಿಂತ ಕಡಿಮೆ, ಸಾಮಾನ್ಯ ಫ್ಯಾನಿನ ಮೋಟಾರಿಗೆ ಅದು ತಿಳಿಯುವುದೂ ಇಲ್ಲ. ಆದರೆ ಈ ಫ್ಯಾನಿನ ಟೈಮರ್ ಬೋರ್ಡಿನ ಕಿವಿ ಬಹಳ ಸೂಕ್ಷ್ಮ. ಅದು ಅಪ್ಪಣೆಯ ವೈರಿನಿಂದ ಕೆಲಸಕ್ಕೆ ಬೇಕಾದ ಶಕ್ತಿ ಪಡೆಯುವುದಿಲ್ಲ, ವೋಲ್ಟ್ ಇದೆಯೇ ಇಲ್ಲವೇ ಎಂದಷ್ಟೇ ಕೇಳಿಸಿಕೊಳ್ಳುತ್ತದೆ. ಹನಿ ಹನಿಗೂಡಿ ಹಳ್ಳವಾಗಿ, ಕೆಂಪು ಕಣ್ಣಿನ ಪಿಸುಮಾತೇ ಅದಕ್ಕೆ ಅಪ್ಪಣೆಯಾಗಿ ಕೇಳಿಸುತ್ತಿತ್ತು. ಅಪ್ಪಣೆ ನಿಲ್ಲದಿದ್ದ ಮೇಲೆ ಹದಿನೈದು ನಿಮಿಷದ ಎಣಿಕೆ ಶುರುವಾಗುವುದಾದರೂ ಎಲ್ಲಿ?

“ಈ ಸ್ವಿಚ್ಚು ಯಾವಾಗ ಹಾಕಿಸಿದ್ದು ಅಮ್ಮ?” ಎಂದು ಕೇಳಿದೆ. “ವರಮಹಾಲಕ್ಷ್ಮಿ ಹಬ್ಬಕ್ಕೆ ಬಣ್ಣ ಹೊಡೆಸಿದೆವಲ್ಲ, ಆಗ. ಇವರು ರಾತ್ರಿ ಎದ್ದರೆ ಸ್ವಿಚ್ಚಿಗೆ ತಡಕಾಡುತ್ತಾರೆ ಎಂದು ಕೆಂಪು ದೀಪದ್ದೇ ಹಾಕಲು ಹೇಳಿದೆ. ಹಬ್ಬದ ಮರುದಿನದಿಂದಲೇ ನೋಡು ಈ ಫ್ಯಾನಿನ ಕಾಟ. ನಾನು ಅದರೊಳಗೆ ಬಣ್ಣದ ಧೂಳು ಹೋಗಿದೆ ಎಂದುಕೊಂಡಿದ್ದೆ.”

ಯಾರು ಹಾಕಿದರು ಎಂದು ಕೇಳುವ ಅಗತ್ಯ ಬೀಳಲಿಲ್ಲ. ಹುಡುಗ ಇಕ್ಕಳವನ್ನು ಚೀಲಕ್ಕೆ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕುತ್ತಿದ್ದ. ಹಬ್ಬದ ಹಿಂದಿನ ದಿನ ನನಗೆ ಸಿರಾ ಗೇಟಿನಲ್ಲಿ ಕೆಲಸವಿದ್ದುದರಿಂದ ಅವನೊಬ್ಬನನ್ನೇ ಕಳುಹಿಸಿದ್ದೆ. ಅವನದೇನೂ ತಪ್ಪಿಲ್ಲ, ಕೇಳಿದ್ದನ್ನೇ ಹಾಕಿದ್ದಾನೆ. ನಾನು ಹೋಗಿದ್ದರೂ ಅದನ್ನೇ ಹಾಕುತ್ತಿದ್ದೆ. ದೀಪ ಮಿಣಮಿಣ ಅನ್ನುತ್ತದೆ ಎಂದು ಅಮ್ಮನವರು ಮೊದಲ ದಿನವೇ ಹೇಳಿದ್ದರಲ್ಲ, ಅದೂ ಇದೇ. ಪಕ್ಕದ ದೀಪದ ಸ್ವಿಚ್ಚಿಗೂ ಕೆಂಪು ಕಣ್ಣಿತ್ತು, ಅದರ ಸೋರಿಕೆಯಿಂದಲೇ ಎಲ್‌ಇಡಿ ಮಿಣುಕುತ್ತಿತ್ತು. ಕಾರಣವನ್ನು ಕೈಯಲ್ಲಿಟ್ಟು ಕೊಟ್ಟಿದ್ದರು, ನಾನು ಗಾಡಿ ಹತ್ತಿದ್ದೆ.

ಸರಿಪಡಿಸಲು ಎರಡು ದಾರಿ. ಅಪ್ಪಣೆಯ ವೈರಿಗೂ ನ್ಯೂಟ್ರಲ್‌ಗೂ ನಡುವೆ 0.22 ಮೈಕ್ರೋಫ್ಯಾರಡ್‌ನ, 275 ವೋಲ್ಟ್ ಎಸಿಗೆ ಯೋಗ್ಯವಾದ ಎಕ್ಸ್2 ದರ್ಜೆಯ ಕೆಪಾಸಿಟರ್ ಹಾಕಿದರೆ ಸೋರಿಕೆ ಅದರ ಮೂಲಕ ಹರಿದುಹೋಗಿ ವೋಲ್ಟ್ ಇಳಿಯುತ್ತದೆ, ಕೆಂಪು ಕಣ್ಣೂ ಉಳಿಯುತ್ತದೆ. ಫ್ಯಾನ್ ರೆಗ್ಯುಲೇಟರಿನಿಂದ ಕಿತ್ತ ಕೆಪಾಸಿಟರನ್ನು ಕೆಲವರು ಹಾಕುವುದನ್ನು ನೋಡಿದ್ದೇನೆ, ಅದು ಸಲ್ಲದು. ಸದಾ ಕರೆಂಟಿಗೆ ಅಡ್ಡಲಾಗಿ ಇರುವ ಜಾಗಕ್ಕೆ ಎಕ್ಸ್2 ದರ್ಜೆಯದೇ ಬೇಕು. ಎರಡನೆಯ ದಾರಿ, ಕಣ್ಣಿಲ್ಲದ ಸಾದಾ ಸ್ವಿಚ್ಚು. ನನಗೆ ಇದೇ ಇಷ್ಟ. ಬಚ್ಚಲಿನ ತೇವದಲ್ಲಿ ಇನ್ನೊಂದು ಬಿಡಿಭಾಗವನ್ನು ಏಕೆ ಸೇರಿಸಬೇಕು? ರಾತ್ರಿ ಎದ್ದವರು ಹುಡುಕುವುದು ದೀಪದ ಸ್ವಿಚ್ಚನ್ನೇ ಹೊರತು ಫ್ಯಾನಿನದನ್ನಲ್ಲ. ಮಂಡಿಪೇಟೆಯಿಂದ ಹುಡುಗ ನಲವತ್ತು ರೂಪಾಯಿಯ ಸ್ವಿಚ್ಚು ತಂದ, ಅವನ ಕೈಯಲ್ಲೇ ಹಾಕಿಸಿದೆ. ತೇವದ ತಿರುಪನ್ನು 90ರಲ್ಲೇ ಬಿಟ್ಟೆ, ಅದು ಹೇಗೂ ಬೇಕಿತ್ತು. ಫ್ಯಾನಿಗೆಂದೇ ಬಚ್ಚಲಿನ ಹೊರಗೆ ಎತ್ತರದಲ್ಲಿ ಪೂರ್ತಿ ಕಡಿಯುವ ಸ್ವಿಚ್ಚೊಂದನ್ನೂ ಹಾಕಿದೆ. ಮುಂದೆ ಮುಚ್ಚಳ ಬಿಚ್ಚುವವರು ಯಾರೋ ಏನೋ.

ಫ್ಯಾನು ಹಾಕಿ, ಆರಿಸಿದೆವು. ಮೇಷ್ಟ್ರು ಬಚ್ಚಲುಮನೆ ಬಾಗಿಲಿಗೆ ಕುರ್ಚಿ ಎಳೆದುಕೊಂಡು, ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಕುಳಿತರು. ಪರೀಕ್ಷೆಯ ಕೋಣೆಯಲ್ಲಿ ಇದ್ದಂತೆ ನಾವಿಬ್ಬರೂ ಸುಮ್ಮನೆ ನಿಂತೆವು. ಫ್ಯಾನಿನ ಸದ್ದು ಸಣ್ಣಗಾಗುತ್ತಾ ಬಂದು ನಿಂತಾಗ ಅವರು, “ಹದಿನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ನೀನು ಹದಿನೈದು ಅಂದಿದ್ದೆ” ಎಂದರು.

ಆ ದಿನದ ದುಡ್ಡು ತೆಗೆದುಕೊಳ್ಳಲಿಲ್ಲ. ದೀಪದ ಸ್ವಿಚ್ಚಿನ ಕೆಂಪು ಕಣ್ಣನ್ನೂ ತೆಗೆದುಬಿಡಲೇ, ಬಲ್ಬು ಮಿಣುಕುವುದು ನಿಲ್ಲುತ್ತದೆ ಎಂದು ಅಮ್ಮನವರನ್ನು ಕೇಳಿದೆ.

“ಬೇಡಪ್ಪಾ, ಅದನ್ನು ಮುಟ್ಟಬೇಡ” ಎಂದರು. “ರಾತ್ರಿ ಇವರಿಗೆ ಜೀರೋ ಬಲ್ಬು ಹಾಕಿಸಬೇಕು ಎಂದಿದ್ದೆ, ಆ ಖರ್ಚು ಉಳಿಯಿತು.”