ಜೆಕ್ ಪೂರ್ವಜರ ಬೆನ್ನುಹತ್ತಿ: ಡಿಎನ್‌ಎ, ಹಳ್ಳಿ, ಮನೆ ನಂಬರು

ಡಿಎನ್‌ಎ ವರದಿಯಲ್ಲಿ ಮೊದಲು ಕಣ್ಣಿಗೆ ಬೀಳುವ ಬಣ್ಣದ ನಕ್ಷೆಯನ್ನು ಬದಿಗಿಡಿ. 'ಪೂರ್ವ ಯುರೋಪ್ ಇಷ್ಟು ಶೇಕಡಾ' ಎಂದರೆ ಜೆಕ್ ದೇಶದ ಪಶ್ಚಿಮ ಭಾಗವಾದ ಬೊಹೀಮಿಯಾದ ಯಾವ ಹಳ್ಳಿ ಎಂದು ತಿಳಿಯುವುದಿಲ್ಲ. ನೆರೆಯ ಜರ್ಮನರು, ಪೋಲಿಷರಿಂದ ಜೆಕ್‌ ಜನರನ್ನು ಬೇರೆ ಮಾಡುವುದೂ ಅದಕ್ಕೆ ಕಷ್ಟ. ಕೆಲಸಕ್ಕೆ ಬರುವುದು ಮ್ಯಾಚ್ ಆದವರ, ಅಂದರೆ ನಿಮ್ಮ ಡಿಎನ್‌ಎಯ ತುಣುಕುಗಳು ಹೊಂದುವ ಇತರರ, ಪಟ್ಟಿ.

ಪರೀಕ್ಷೆ ಮನೆಯ ಹಿರಿಯರಿಗೇ ಮಾಡಿಸಿ. ಒಂದೊಂದು ತಲೆಮಾರಿಗೂ ಸುಳಿವು ಅರ್ಧವಾಗುತ್ತದೆ. ಟೆಕ್ಸಸ್, ನೆಬ್ರಾಸ್ಕಾ, ಅಯೋವಾಗೆ ವಲಸೆ ಹೋದವರ ಮರಿಮಕ್ಕಳು ಆನ್ಸೆಸ್ಟ್ರಿ ಎಂಬ ಪರೀಕ್ಷಾ ಕಂಪನಿಯಲ್ಲಿ ಹೆಚ್ಚು. ಯುರೋಪಿನಲ್ಲೇ ಉಳಿದ ಕವಲಿಗೆ ಮೈಹೆರಿಟೇಜ್ ಎಂಬ ಇನ್ನೊಂದು ಕಂಪನಿ ಮೇಲು. ಪರೀಕ್ಷೆಯ ಮೂಲ ಫೈಲನ್ನು (ರಾ ಡೇಟಾ) ಇಳಿಸಿಕೊಂಡು, ಬೇರೆ ಬೇರೆ ಕಂಪನಿಗಳ ಫಲಿತಾಂಶ ಹೋಲಿಸುವ ತಾಣವಾದ ಜೆಡ್‌ಮ್ಯಾಚ್‌ಗೂ ಹಾಕಿ.

ಒಂದೇ ಮುತ್ತಜ್ಜ-ಮುತ್ತಜ್ಜಿಯ ಬೇರೆ ಬೇರೆ ಕವಲಿನ ಮರಿಮಕ್ಕಳ ನಡುವೆ ಸರಾಸರಿ 230 ಸೆಂಟಿಮಾರ್ಗನ್ (ಹೊಂದುವ ಡಿಎನ್‌ಎಯ ಅಳತೆ) ಹೊಂದುತ್ತದೆ. ಆ ದಂಪತಿ ಇನ್ನೊಂದು ತಲೆಮಾರು ಹಿಂದಿನವರಾದರೆ 70ರ ಆಸುಪಾಸು. 7ಕ್ಕಿಂತ ಚಿಕ್ಕ ತುಣುಕು ಬಹುಪಾಲು ಕಾಕತಾಳೀಯ, ಅದರ ಹಿಂದೆ ಹೋಗಬೇಡಿ. ಒಂದೇ ಹಳ್ಳಿಯೊಳಗೆ ಕೊಟ್ಟು ತಂದ ಮನೆತನಗಳಲ್ಲಿ ಅಂಕಿ ಉಬ್ಬಿರುತ್ತದೆ, ದೂರದ ನೆಂಟರೂ ಹತ್ತಿರದವರಂತೆ ಕಾಣುತ್ತಾರೆ. ನಿಮಗೂ ಒಬ್ಬ ಮ್ಯಾಚ್‌ಗೂ ಸಾಮಾನ್ಯವಾಗಿರುವವರನ್ನು ಗುಂಪು ಮಾಡಿ, ಅವರ ವಂಶವೃಕ್ಷಗಳಲ್ಲಿ ಮತ್ತೆ ಮತ್ತೆ ಬರುವ ಹಳ್ಳಿಯನ್ನು ಹುಡುಕಿ.

ಹಳ್ಳಿ ಸಿಕ್ಕಿತೋ, ಮುಂದಿನದು ಚರ್ಚಿನ ರಿಜಿಸ್ಟರು. ಜೆಕ್‌ನಲ್ಲಿ ಇದನ್ನು 'ಮತ್ರಿಕಾ' ಎನ್ನುತ್ತಾರೆ. ಸ್ಕ್ಯಾನ್‌ಗಳು ಪುಕ್ಕಟೆ: ದಕ್ಷಿಣ ಬೊಹೀಮಿಯಾಕ್ಕೆ ಟ್ರೆಬೋನ್ ಪತ್ರಾಗಾರ, ದೇಶದ ಪೂರ್ವ ಭಾಗವಾದ ಮೊರಾವಿಯಾದ ದಕ್ಷಿಣಕ್ಕೆ ಬ್ರನೋ ಪತ್ರಾಗಾರ. ಜನನದ ಪುಸ್ತಕ ಕೊನೆಯ ನಮೂದಿನಿಂದ 100 ವರ್ಷ, ಮದುವೆಯದು 75 ವರ್ಷ ಕಳೆದ ಮೇಲೆ ತೆರೆಯುತ್ತದೆ.

19ನೇ ಶತಮಾನದ ಒಂದು ಜನನದ ಸಾಲಿನಲ್ಲಿ ಮನೆ ನಂಬರು, ಅಪ್ಪ ಅಮ್ಮನ ಹೆಸರು, ಎಷ್ಟೋ ಸಲ ಎರಡೂ ಕಡೆಯ ಅಜ್ಜ ಅಜ್ಜಿಯರ ಊರು, ಅವರ ಮನೆ ನಂಬರೂ ಇರುತ್ತವೆ. ಹೆಸರಿಗಿಂತ ಈ ನಂಬರನ್ನು ನಂಬಿ, ಏಕೆಂದರೆ ಬರೆಯುವ ಭಾಷೆ ಬದಲಾದಂತೆ ಹೆಸರೂ ಬದಲಾಗುತ್ತದೆ. ವೊಯ್ತ್ಯೆಖ್ ಲ್ಯಾಟಿನ್‌ನಲ್ಲಿ ಅಡಾಲ್ಬರ್ಟಸ್ ಆಗುತ್ತಾನೆ. ವಾತ್ಸ್ಲಾವ್ ಜರ್ಮನ್‌ನಲ್ಲಿ ವೆನ್ಸೆಲ್, ಅಮೆರಿಕಕ್ಕೆ ಇಳಿದ ಮೇಲೆ ಎಷ್ಟೋ ಕಡೆ ಜೇಮ್ಸ್! ನೋವಾಕ್‌ನ ಹೆಂಡತಿ ನೋವಾಕೋವಾ. ಜರ್ಮನ್ ನಮೂದುಗಳು ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿರುತ್ತವೆ, ಅಕ್ಷರಮಾಲೆಯನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಹೆಚ್ಚಿನವರು ಎಡವುವುದು ಅಡ್ಡಹೆಸರಿನಲ್ಲಿ. 18ನೇ ಶತಮಾನದವರೆಗೆ, ಮುಖ್ಯವಾಗಿ ದಕ್ಷಿಣ ಬೊಹೀಮಿಯಾದಲ್ಲಿ, ಹೆಸರು ರಕ್ತಕ್ಕಲ್ಲ, ಮನೆಗೆ ಅಂಟಿಕೊಂಡಿತ್ತು. ವಿಧವೆಯನ್ನು ಮದುವೆಯಾಗಿ ಅವಳ ಜಮೀನಿಗೆ ಬಂದವನು ಆ ಮನೆಯ ಹೆಸರಿನಿಂದಲೇ ಕರೆಸಿಕೊಳ್ಳುತ್ತಿದ್ದ, ಮಕ್ಕಳಿಗೂ ಅದೇ. ಆಗ ಆಳುತ್ತಿದ್ದ ಚಕ್ರವರ್ತಿ ಎರಡನೇ ಜೋಸೆಫ್ 1780ರ ದಶಕದಲ್ಲಿ ಅಡ್ಡಹೆಸರನ್ನು ಗಟ್ಟಿ ಮಾಡಿದ. ಹಾಗಾಗಿ ಒಂದೇ ಅಡ್ಡಹೆಸರಿನ ಇಬ್ಬರು ಗಂಡಸರ, ಅಪ್ಪನಿಂದ ಮಗನಿಗಷ್ಟೇ ಇಳಿಯುವ ವೈ-ಡಿಎನ್‌ಎ ಹೊಂದದಿದ್ದರೆ ಯಾವ ಅಜ್ಜಿಯ ಮೇಲೂ ಅನುಮಾನ ಪಡುವ ಮುಂಚೆ ಹಳೆಯ ಪುಟಗಳಲ್ಲಿ ಎರಡು ಹೆಸರುಗಳ ನಡುವೆ 'ಅಲಿಯಾಸ್' ಅಥವಾ 'ವುಲ್ಗೊ' (ಜನ ಕರೆಯುವುದು ಹೀಗೆ) ಎಂದು ಬರೆದಿದೆಯೇ ನೋಡಿ. ಮೊದಲ ಹೆಸರೋ ಎರಡನೆಯದೋ ಮನೆಯದು ಎಂಬುದನ್ನು ಅದೇ ಮನೆ ನಂಬರಿನ ಹಿಂದಿನ ಮದುವೆಯ ನಮೂದು ಬಿಡಿಸುತ್ತದೆ.