ಗಿಣ್ಣುಹಾಲು ಚೆಲ್ಲಬೇಡಿ: ಮೊದಲ ದಿನದಿಂದ ಮಗುಗೆ ಎದೆಹಾಲು ಕುಡಿಸೋದು ಹೇಗೆ

ನಮ್ಮ ಕಡೆ ಹಸು ಕರು ಹಾಕಿದ್ರೆ ಮೊದಲ ಎರಡು ಮೂರು ದಿನದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ಅಕ್ಕಪಕ್ಕದ ನಾಲ್ಕು ಮನೆಗೆ ಹಂಚ್ತೀವಿ. ಆದ್ರೆ ಅದಕ್ಕೂ ಮುಂಚೆ ಕರು ಹೊಟ್ಟೆ ತುಂಬ ಕುಡೀಲಿ ಅಂತ ಬಿಡ್ತೀವಿ, ಆ ಹಾಲು ಸಿಗದ ಕರು ಏಳಲ್ಲ ಅಂತ ದನ ಕಟ್ಟಿದೋರಿಗೆಲ್ಲ ಗೊತ್ತು. ಅದೇ ಮನೇಲಿ ಸೊಸೆಗೆ ಹೆರಿಗೆ ಆದಾಗ ಮಾತ್ರ "ಮೊದಲನೇ ಹಾಲು ಹಳದಿಯಾಗಿದೆ, ಕೆಟ್ಟದ್ದು, ಹಿಂಡಿ ಚೆಲ್ಲು" ಅಂತಾರೆ. ನನ್ನಜ್ಜಿಯೂ ಹಾಗೇ ಹೇಳಿದ್ರು, ಪ್ರೀತಿಯಿಂದಲೇ ಹೇಳಿದ್ರು, ನಾನೂ ಚೆಲ್ಲಿದೆ. ಎರಡನೇ ಮಗು ಹೊತ್ತಿಗೆ ವಯಸ್ಸಾದ ಒಬ್ಬ ನರ್ಸಮ್ಮ ಪಕ್ಕದಲ್ಲಿ ಕೂತು ಹತ್ತು ನಿಮಿಷ ಹೇಳಿಕೊಟ್ರು, ಅಷ್ಟರಲ್ಲೇ ಎಲ್ಲ ಸರಿಹೋಯ್ತು. ಆ ಹತ್ತು ನಿಮಿಷ ಎಲ್ಲ ತಾಯಂದಿರಿಗೂ ಸಿಗ್ಬೇಕು ಅಂತ ಇದನ್ನ ಬರೀತಿದ್ದೀನಿ. ಹಾಲು ಕುಡಿಸೋದು ತಾನಾಗೇ ಬರುತ್ತೆ ಅಂತಾರಲ್ಲ, ಹಾಗೇನಿಲ್ಲ. ಅದು ಕಲಿಯೋ ಕೆಲಸ. ತಾಯಿನೂ ಕಲೀಬೇಕು, ಮಗುನೂ ಕಲೀಬೇಕು.

ಹೆರಿಗೆಗೆ ಮುಂಚೆನೇ ಹೇಳಿಡಿ

ಎಂಟನೇ ತಿಂಗಳಲ್ಲಿ ಚೆಕಪ್‌ಗೆ ಹೋದಾಗ್ಲೇ ಡಾಕ್ಟರ್ ಹತ್ರ, "ಮಗು ಹುಟ್ಟಿದ ತಕ್ಷಣ ನನ್ನ ಎದೆ ಮೇಲೆ ಮಲಗಿಸಿ, ನನ್ನನ್ನ ಕೇಳ್ದೆ ಪೌಡರ್ ಹಾಲು ಕೊಡ್ಬೇಡಿ" ಅಂತ ಹೇಳಿ. ಗಂಡನಿಗೂ ಹೇಳಿ, ಬಾಣಂತನಕ್ಕೆ ಬರೋ ಅಮ್ಮನಿಗೋ ಅತ್ತೆಗೋ ಕೂಡ ಹೇಳಿ, ಯಾಕಂದ್ರೆ ಹೆರಿಗೆ ಆದ್ಮೇಲೆ ಮಾತಾಡೋ ಶಕ್ತಿ ನಿಮಗಿರಲ್ಲ, ನಿಮ್ಮ ಪರವಾಗಿ ಮಾತಾಡೋರು ಒಬ್ಬರು ಬೇಕೇಬೇಕು. ನನ್ನ ಮೊದಲ ಹೆರಿಗೆಯಲ್ಲಿ ರಾತ್ರಿ ಮಗು ಅತ್ತಿದ್ದಕ್ಕೆ ಎತ್ಕೊಂಡು ಹೋಗಿ ಡಬ್ಬಿ ಹಾಲು ಕುಡಿಸಿ ತಂದು ಮಲಗಿಸಿದ್ರು, ಬೆಳಿಗ್ಗೆ ಕೇಳಿದಾಗ "ನಿಮಗೆ ಹಾಲು ಬಂದಿಲ್ವಲ್ಲಮ್ಮ" ಅಂದ್ರು. ಹಾಲು ಬಂದಿತ್ತು. ಅದು ಚಮಚದಷ್ಟೇ ಇರುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ ಅಷ್ಟೇ.

ಮೊದಲನೇ ಗಂಟೆ

ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಹುಟ್ಟಿದ ಒಂದು ಗಂಟೆ ಒಳಗೆ ಹಾಲು ಕುಡಿಸಿ ಅಂತ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ ನೂರಕ್ಕೆ 88ಕ್ಕೂ ಜಾಸ್ತಿ ಹೆರಿಗೆ ಆಸ್ಪತ್ರೆಯಲ್ಲೇ ಆಗಿದ್ವು, ಆದ್ರೂ ಮೊದಲ ಗಂಟೆಯಲ್ಲಿ ಎದೆಹಾಲು ಸಿಕ್ಕಿದ್ದು ನೂರರಲ್ಲಿ ಸುಮಾರು 42 ಮಕ್ಕಳಿಗೆ ಮಾತ್ರ. ಡಾಕ್ಟರು, ನರ್ಸು ಎಲ್ಲರೂ ಇರೋ ಜಾಗದಲ್ಲೇ ಹೀಗಾಗ್ತಿದೆ ಅಂದ್ರೆ ನನಗೆ ಹೊಟ್ಟೆ ಉರಿಯುತ್ತೆ.

ಮಾಡ್ಬೇಕಾದ್ದು ಇಷ್ಟು. ಮಗುನ ಒರೆಸಿ, ಬಟ್ಟೆ ಹಾಕ್ದೆ, ತಾಯಿಯ ಬರಿ ಎದೆ ಮೇಲೆ ಬೋರಲು ಮಲಗಿಸಿ ಮೇಲೊಂದು ಬಟ್ಟೆ ಹೊದಿಸೋದು, ಮೂಗು ಬಾಯಿ ಮುಚ್ಚಿಲ್ಲ ಅಂತ ಒಬ್ಬರು ಪಕ್ಕದಲ್ಲೇ ನಿಂತು ನೋಡ್ತಿರೋದು. ಮಗು ಬೆಚ್ಚಗಿರುತ್ತೆ, ಸ್ವಲ್ಪ ಹೊತ್ತಲ್ಲಿ ತಾನೇ ವಾಸನೆ ಹಿಡ್ಕೊಂಡು ಮೊಲೆ ಹುಡುಕುತ್ತೆ. ಸಿಸೇರಿಯನ್ ಆದೋರಿಗೂ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದು ತಾಯಿಗೆ ಎಚ್ಚರ ಇದ್ರೆ, ಇನ್ನೊಬ್ಬರು ಹಿಡ್ಕೊಂಡು ಸಹಾಯ ಮಾಡಿದ್ರೆ ಇದು ಆಗುತ್ತೆ.

ಆ ಹಳದಿ ಗಿಣ್ಣುಹಾಲಿನಲ್ಲಿ ರೋಗ ತಡೆಯೋ ಪ್ರತಿಕಾಯಗಳು ತುಂಬಾ ಇರ್ತವೆ, ಎ ವಿಟಮಿನ್ ಇರುತ್ತೆ, ಮಗುವಿನ ಕರುಳಿನ ಒಳಗೋಡೆಗೆ ಅದು ಲೇಪ ಹಾಕಿದ ಹಾಗೆ ಕೂತು ಕಾಯುತ್ತೆ. ಹೊಟ್ಟೆಯಲ್ಲಿರೋ ಕಪ್ಪು ಅಂಟು ಮಲ ಬೇಗ ಹೊರಗೆ ಹೋಗೋಕೂ ಅದೇ ಬೇಕು. ಮೊದಲ ದಿನ ಒಂದು ಸಲಕ್ಕೆ ಒಂದು ಟೀ ಚಮಚದಷ್ಟು ಸಿಕ್ಕರೂ ಸಾಕು, ಮಗುವಿನ ಹೊಟ್ಟೆ ಇರೋದೇ ಗೋಲಿಯಷ್ಟು. ಹಾಗಾಗಿ ಜೇನುತುಪ್ಪ ನೆಕ್ಕಿಸೋದು, ಸಕ್ಕರೆ ನೀರು, ಬಜೆ ತೇಯ್ದು ನಾಲಿಗೆಗೆ ಹಚ್ಚೋದು ಯಾವುದೂ ಬೇಡ. ಜೇನಂತೂ ಒಂದು ವರ್ಷ ತುಂಬೋವರೆಗೂ ಕೊಡಲೇಬಾರದು, ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಕರುಳಲ್ಲಿ ವಿಷ ಮಾಡುತ್ತೆ.

ಇದರಲ್ಲಿ ತಾಯಿಗೇನು ಲಾಭ ಅಂತ ಯಾರೂ ಹೇಳಲ್ಲ. ಮಗು ಚೀಪಿದಾಗ ಮೈಯಲ್ಲಿ ಆಕ್ಸಿಟೋಸಿನ್ ಅನ್ನೋ ಹಾರ್ಮೋನು ಬಿಡುಗಡೆ ಆಗುತ್ತೆ, ಅದು ಹಾಲನ್ನ ಹೊರಗೆ ತಳ್ಳೋದಲ್ದೆ ಗರ್ಭಕೋಶನ ಬಿಗಿಯಾಗಿ ಕುಗ್ಗಿಸುತ್ತೆ, ರಕ್ತಸ್ರಾವ ಕಡಿಮೆ ಆಗುತ್ತೆ. ಮೊದಲ ವಾರ ಹಾಲು ಕುಡಿಸೋವಾಗ ಕೆಳಹೊಟ್ಟೆ ಹಿಂಡಿದ ಹಾಗೆ ನೋವು ಬರುತ್ತಲ್ಲ, ಅದು ಇದೇ. ಎರಡನೇ ಹೆರಿಗೆಯಲ್ಲಿ ಇನ್ನೂ ಜಾಸ್ತಿ ಇರುತ್ತೆ, ಹೆದರಬೇಡಿ.

ಹಿಡಿಯೋದು ಹೇಗೆ, ಇದೇ ಮುಖ್ಯ

ನರ್ಸಮ್ಮ ನನಗೆ ಹೇಳಿಕೊಟ್ಟಿದ್ದು ಇಲ್ಲಿಂದ. ಬೆನ್ನಿಗೆ ಆಸರೆ ಇಟ್ಕೊಂಡು ಕೂತ್ಕೊಳ್ಳಿ, ತೊಡೆ ಮೇಲೆ ದಿಂಬು ಇಡಿ. ನೀವು ಮಗು ಕಡೆ ಬಗ್ಗಬೇಡಿ, ಮಗುನ ನಿಮ್ಮ ಕಡೆ ತಗೊಳ್ಳಿ, ಇಲ್ಲಾಂದ್ರೆ ಬೆನ್ನು ಹೋಗುತ್ತೆ. ಮಗುವಿನ ತಲೆ, ಬೆನ್ನು, ಸೊಂಟ ಒಂದೇ ಗೆರೆಯಲ್ಲಿ ಇರ್ಲಿ, ಅದರ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗ್ಲಿ. ಕತ್ತು ಪಕ್ಕಕ್ಕೆ ತಿರುಗಿಸ್ಕೊಂಡು ನೀರು ಕುಡಿದು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ, ಮಗುಗೂ ಅಷ್ಟೇ ಕಷ್ಟ.

ಈಗ ಮೊಲೆತೊಟ್ಟು ಮಗುವಿನ ಮೂಗಿನ ನೇರಕ್ಕೆ ತನ್ನಿ, ಮೇಲ್ತುಟಿಗೆ ಮೆಲ್ಲಗೆ ಸವರಿ, ಮಗು ಆಕಳಿಸೋ ಹಾಗೆ ಬಾಯಿ ದೊಡ್ಡದಾಗಿ ತೆಗೆಯೋವರೆಗೂ ಕಾಯಿರಿ, ತೆಗೆದ ತಕ್ಷಣ ಹತ್ರ ಎಳ್ಕೊಳ್ಳಿ. ಬರೀ ತೊಟ್ಟು ಬಾಯಿಗೆ ಹೋದ್ರೆ ಸಾಲ್ದು, ಸುತ್ತ ಇರೋ ಕಪ್ಪು ಭಾಗದಲ್ಲೂ ಬಹುಪಾಲು, ಅದರಲ್ಲೂ ಕೆಳಗಡೆದು, ಒಳಗೆ ಹೋಗ್ಬೇಕು. ಸರಿಯಾಗಿದ್ರೆ ಗದ್ದ ಎದೆಗೆ ಒತ್ತಿರುತ್ತೆ, ಕೆಳತುಟಿ ಹೊರಗೆ ಮಡಚಿರುತ್ತೆ, ಕೆನ್ನೆ ಉಬ್ಬಿರುತ್ತೆ, ಗುಟುಕ್ ಗುಟುಕ್ ಅಂತ ನುಂಗೋದು ಕೇಳುತ್ತೆ. ಚುಚ್ಚಿದ ಹಾಗೆ ನೋವು ಆಗ್ತಾನೇ ಇದ್ರೆ ಹಲ್ಲು ಕಚ್ಚಿಕೊಂಡು ತಡ್ಕೋಬೇಡಿ. ನಿಮ್ಮ ಕಿರುಬೆರಳು ಮಗುವಿನ ಬಾಯಿ ಮೂಲೆಯಿಂದ ಒಳಗೆ ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ. ಐದು ಸಲ ಆದ್ರೂ ಪರವಾಗಿಲ್ಲ. ತೊಟ್ಟು ಬಿರಿಯೋದಕ್ಕೆ ಹೆಚ್ಚಿನ ಸಲ ಕಾರಣ ಹಿಡಿತ ತಪ್ಪಿರೋದೇ. ಬಿರಿದಿದ್ರೆ ಕುಡಿಸಿದ ಮೇಲೆ ಎರಡು ಹನಿ ಎದೆಹಾಲನ್ನೇ ಸವರಿ ಗಾಳಿಗೆ ಆರಕ್ಕೆ ಬಿಡಿ.

ಆಪರೇಷನ್ ಆದೋರು ಗಾಯದ ಮೇಲೆ ಭಾರ ಬೀಳದ ಹಾಗೆ ಮಗುನ ಕಂಕುಳ ಕೆಳಗೆ, ಕಾಲು ಹಿಂದಕ್ಕೆ ಬರೋ ಹಾಗೆ ಇಟ್ಕೊಂಡು ಕುಡಿಸಬಹುದು.

"ಹಾಲು ಸಾಲ್ತಿಲ್ಲ" ಅನ್ನೋ ಮಾತು

ಬಾಣಂತಿ ನೋಡಕ್ಕೆ ಬಂದೋರು ಬಾಗಿಲಲ್ಲೇ ಕೇಳೋದು ಇದನ್ನೇ, "ಮಗುಗೆ ಹಾಲು ಸಾಲುತ್ತೇನಮ್ಮಾ?" ಅಂತ. ದಯವಿಟ್ಟು ಕೇಳ್ಬೇಡಿ. ಆ ಒಂದು ಮಾತಿಗೆ ಎಷ್ಟೋ ತಾಯಂದಿರು ಧೈರ್ಯ ಕಳ್ಕೊಂಡು ಡಬ್ಬಿ ತೆಗೀತಾರೆ. ಡಬ್ಬಿ ಹಾಲು ಕೊಟ್ಟಷ್ಟೂ ಮಗು ಎದೆ ಚೀಪೋದು ಕಡಿಮೆ, ಚೀಪೋದು ಕಡಿಮೆ ಆದಷ್ಟೂ ಹಾಲು ಉತ್ಪತ್ತಿ ಕಡಿಮೆ, ಆಮೇಲೆ ನಿಜವಾಗ್ಲೂ ಸಾಲದೇ ಹೋಗುತ್ತೆ. ಎದೆ ಖಾಲಿ ಆದಷ್ಟೂ ತುಂಬುತ್ತೆ, ತೋಡಿದಷ್ಟೂ ನೀರು ಬರೋ ಚಿಲುಮೆ ಇದ್ದ ಹಾಗೆ.

ದಿನಕ್ಕೆ 8ರಿಂದ 12 ಸಲ ಕುಡಿಸ್ಬೇಕು, ಗಡಿಯಾರ ನೋಡಿ ಅಲ್ಲ, ಮಗು ಕೈ ಚೀಪೋದು, ಬಾಯಿ ಆಡಿಸೋದು, ತಲೆ ಆಕಡೆ ಈಕಡೆ ತಿರುಗಿಸೋದು ಕಂಡ ತಕ್ಷಣ. ಅಳು ಬರೋದು ಕೊನೆಗೆ, ಅಲ್ಲಿವರೆಗೆ ಕಾದ್ರೆ ಸಿಟ್ಟಿಗೆ ಸರಿಯಾಗಿ ಹಿಡಿಯಲ್ಲ. ರಾತ್ರಿ ಕುಡಿಸೋದು ಬಿಡ್ಬೇಡಿ, ಹಾಲು ಮಾಡೋ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿನೇ ಜಾಸ್ತಿ. ಒಂದು ಕಡೆ ಪೂರ್ತಿ ಮುಗಿಸಿದ ಮೇಲೆ ಇನ್ನೊಂದು ಕಡೆ ಕೊಡಿ, ಕೊನೆಗೆ ಬರೋ ಹಾಲಲ್ಲಿ ಕೊಬ್ಬಿನಂಶ ಜಾಸ್ತಿ ಇರುತ್ತೆ.

ಸಾಲ್ತಿದೆಯೋ ಇಲ್ವೋ ಅಂತ ನೋಡಕ್ಕೆ ಎದೆ ಹಿಂಡಿ ನೋಡ್ಬೇಡಿ, ಮಗು ಉಚ್ಚೆ ಎಣಿಸಿ. ಐದಾರನೇ ದಿನದಿಂದ 24 ಗಂಟೆಯಲ್ಲಿ ಆರು ಸಲ ಅಥವಾ ಜಾಸ್ತಿ, ಬಣ್ಣ ತಿಳಿಯಾಗಿ ಹೋಗ್ತಿದ್ರೆ ಹಾಲು ಸಾಲ್ತಿದೆ ಅಂತಾನೇ ಅರ್ಥ. ಮೊದಲ ಕೆಲವು ದಿನ ಮಗು ತೂಕ ಸ್ವಲ್ಪ ಇಳಿಯೋದು ಸಹಜ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರ್ಬೇಕು. ನೂರಕ್ಕೆ ಹತ್ತು ಭಾಗಕ್ಕಿಂತ ಜಾಸ್ತಿ ಇಳಿದ್ರೆ, ಮಗು ಮಂಕಾಗಿ ಕುಡಿಯಕ್ಕೇ ಏಳ್ತಿಲ್ಲ ಅಂದ್ರೆ, ಕಣ್ಣು ಮೈ ಹಳದಿ ಏರ್ತಾ ಇದ್ರೆ ಒಂದು ದಿನವೂ ಕಾಯದೆ ಡಾಕ್ಟರ್ ಹತ್ರ ಹೋಗಿ. ಕೆಲವರಿಗೆ ನಿಜವಾಗ್ಲೂ ಕಡಿಮೆ ಹಾಲು ಬರುತ್ತೆ, ಆಗ ಡಾಕ್ಟರ್ ಹೇಳಿದ್ರೆ ಪೌಡರ್ ಹಾಲು ಕೊಡಿ, ಅದರಲ್ಲಿ ನಾಚಿಕೆ ಪಡೋದೇನಿಲ್ಲ, ಮಗು ಬೆಳೀಬೇಕು ಅಷ್ಟೇ. ಆದ್ರೆ ಡಬ್ಬಿ ಹಾಲಿನ ಜಾಹೀರಾತು, ಫ್ರೀ ಸ್ಯಾಂಪಲ್ ಎರಡನ್ನೂ 1992ರ ಕಾನೂನು ನಿಷೇಧ ಮಾಡಿದೆ ಅನ್ನೋದು ನೆನಪಿರ್ಲಿ.

ಮೂರ್ನಾಲ್ಕನೇ ದಿನ ಹಾಲು ಜೋರಾಗಿ ಇಳಿದು ಎದೆ ಕಲ್ಲಿನ ಹಾಗೆ ಕಟ್ಕೊಳ್ಳುತ್ತೆ. ಕುಡಿಸೋ ಮುಂಚೆ ಬಿಸಿ ಬಟ್ಟೆ ಶಾಖ, ಸ್ವಲ್ಪ ಕೈಯಲ್ಲಿ ಹಿಂಡಿ ಮೆತ್ತಗೆ ಮಾಡಿ ಹಿಡಿಸೋದು, ಆದ್ಮೇಲೆ ತಣ್ಣೀರು ಬಟ್ಟೆ. ಒಂದು ಕಡೆ ಕೆಂಪಾಗಿ ಜ್ವರ ಬಂದ್ರೆ ಡಾಕ್ಟರಿಗೆ ತೋರಿಸಿ, ಆದ್ರೆ ಆ ಕಡೆ ಕುಡಿಸೋದು ನಿಲ್ಲಿಸಬೇಡಿ.

ಆರು ತಿಂಗಳು, ಎದೆಹಾಲು ಮಾತ್ರ

ಮಾತ್ರ ಅಂದ್ರೆ ನೀರೂ ಬೇಡ, ರಾಯಚೂರು ಕಲಬುರಗಿ ಬಿಸಿಲಲ್ಲೂ ಬೇಡ, ಹಾಲಲ್ಲೇ ನೂರಕ್ಕೆ 87 ಭಾಗ ನೀರಿದೆ. ಗ್ರೈಪ್ ವಾಟರ್ ಬೇಡ. ಡಾಕ್ಟರ್ ಬರೆದ ಔಷಧಿ, ದಿನಕ್ಕೆ 400 ಯೂನಿಟ್ ಡಿ ವಿಟಮಿನ್ ಹನಿ ಮಾತ್ರ ಕೊಡಬಹುದು.

ಎದೆಹಾಲಲ್ಲಿ ಒಂದು ತರಹದ ಸಕ್ಕರೆ ಇದೆ, ಅದನ್ನ ಮಗು ಜೀರ್ಣ ಮಾಡ್ಕೊಳ್ಳೋಕೇ ಆಗಲ್ಲ, ಅದು ಇರೋದೇ ಮಗುವಿನ ಕರುಳಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾಗಳ ಊಟಕ್ಕೆ. ಇದನ್ನ ಮೊದಲ ಸಲ ಓದಿದಾಗ ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ. ಇನ್ನೊಂದು, ತಾಯಿಗೆ ನೆಗಡಿ ಕೆಮ್ಮು ಬಂದ್ರೆ ಅವಳ ಮೈ ಆ ರೋಗಾಣು ವಿರುದ್ಧ ಪ್ರತಿಕಾಯ ಮಾಡಿ ಹಾಲಲ್ಲಿ ಕಳಿಸುತ್ತೆ, ಹಾಗಾಗಿ ನೆಗಡಿ ಜ್ವರ ಅಂತ ಹಾಲು ನಿಲ್ಲಿಸಬೇಡಿ, ಮಾಸ್ಕ್ ಹಾಕ್ಕೊಂಡು ಕುಡಿಸಿ. ಎದೆಹಾಲು ಕುಡಿದ ಮಕ್ಕಳಿಗೆ ಭೇದಿ, ನ್ಯುಮೋನಿಯಾ, ಕಿವಿ ಸೋರೋದು ಕಡಿಮೆ. ವಿಶ್ವದಾದ್ಯಂತ ಎದೆಹಾಲು ಸರಿಯಾಗಿ ಸಿಕ್ಕರೆ ವರ್ಷಕ್ಕೆ 8 ಲಕ್ಷಕ್ಕೂ ಜಾಸ್ತಿ ಮಕ್ಕಳ ಜೀವ, ಸ್ತನ ಕ್ಯಾನ್ಸರಿಂದ ಸಾಯೋ 20 ಸಾವಿರ ತಾಯಂದಿರ ಜೀವ ಉಳಿಯುತ್ತೆ ಅಂತ 2016ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆ ಲೆಕ್ಕ ಕೊಟ್ಟಿತ್ತು. ಒಟ್ಟು ಹನ್ನೆರಡು ತಿಂಗಳು ಕುಡಿಸಿದ್ರೆ ಸ್ತನ ಕ್ಯಾನ್ಸರ್ ಅಪಾಯ ನೂರಕ್ಕೆ 4ರಷ್ಟು ಇಳಿಯುತ್ತೆ, ಇನ್ನಷ್ಟು ಕುಡಿಸಿದ್ರೆ ಇನ್ನಷ್ಟು. ಅಂಡಾಶಯದ ಕ್ಯಾನ್ಸರ್, ಸಕ್ಕರೆ ಕಾಯಿಲೆ ಅಪಾಯವೂ ಕಡಿಮೆ.

ಇಷ್ಟೆಲ್ಲ ಕೊಡೋ ತಾಯಿ ಹೊಟ್ಟೆ ತುಂಬ ಉಣ್ಬೇಕಲ್ವಾ? ಬಾಣಂತಿಗೆ ನೀರು ಕೊಡಬಾರದು ಅನ್ನೋದು ತಪ್ಪು, ಬಾಯಾರಿದಷ್ಟು ಕುಡೀಲಿ, ಕುಡಿಸಕ್ಕೆ ಕೂತಾಗ ಪಕ್ಕದಲ್ಲಿ ಒಂದು ಚೊಂಬು ನೀರು ಇರ್ಲಿ. ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಜಾಸ್ತಿ ಬೇಕು, ಅಂದ್ರೆ ಹೆಚ್ಚುಕಮ್ಮಿ ಒಂದು ಊಟ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಗಂಜಿ, ಉತ್ತರ ಕರ್ನಾಟಕದ ಅಂಟಿನುಂಡೆ, ಅಳವಿ ಪಾಯಸ ಎಲ್ಲ ಪುಷ್ಟಿ ಊಟನೇ, ತಿನ್ನಿ. ಅವುಗಳ ಜೊತೆ ಬೇಳೆ, ಮೊಟ್ಟೆ, ತರಕಾರಿ, ಹಣ್ಣೂ ಇರ್ಲಿ, ಬರೀ ಅನ್ನ ತುಪ್ಪ ಮೆಣಸಿನಪುಡಿಯಲ್ಲಿ ಮೂರು ತಿಂಗಳು ಇಡ್ಬೇಡಿ.

ಕೆಲಸಕ್ಕೆ ಹೋಗೋರಿಗೆ

ಹೆರಿಗೆ ರಜೆ ಕಾನೂನಿಗೆ 2017ರಲ್ಲಿ ತಿದ್ದುಪಡಿ ಆದ್ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ, 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಕಡೆ ಮಕ್ಕಳನ್ನ ನೋಡ್ಕೊಳ್ಳೋ ಶಿಶುಪಾಲನಾ ಕೇಂದ್ರ ಇರ್ಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು. ಕೂಲಿಗೆ, ಮನೆಗೆಲಸಕ್ಕೆ ಹೋಗೋ ಹೆಣ್ಮಕ್ಕಳಿಗೆ ಇದ್ಯಾವುದೂ ಕೈಗೆ ಎಟುಕಲ್ಲ, ಅದು ದೊಡ್ಡ ಅನ್ಯಾಯ. ಅವರಿಗೆ ಉಳಿಯೋ ದಾರಿ ಹಾಲು ಹಿಂಡಿ ಇಟ್ಟು ಹೋಗೋದು.

ಕೈ ಸೋಪಲ್ಲಿ ತೊಳ್ಕೊಳ್ಳಿ. ಕಪ್ಪು ಭಾಗದ ಅಂಚಿಂದ ಸ್ವಲ್ಪ ಹಿಂದೆ ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ ಇಟ್ಟು, ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಬೆರಳುಗಳನ್ನ ಕೂಡಿಸಿ, ಬಿಡಿ. ತೊಟ್ಟು ಎಳೀಬೇಡಿ. ಬೆರಳು ಸುತ್ತ ಜಾಗ ಬದಲಿಸ್ತಾ ಹೋಗಿ. ಬಿಸಿನೀರಲ್ಲಿ ಕುದಿಸಿದ ಸ್ಟೀಲ್ ಬಟ್ಟಲಲ್ಲಿ ಹಿಡಿದು ಮುಚ್ಚಿಡಿ, ಹೊರಗಡೆ 4 ಗಂಟೆ, ಫ್ರಿಜ್ ಒಳಗೆ ಒಂದು ದಿನ ಅಂತ ಇಟ್ಕೊಂಡ್ರೆ ನಮ್ಮ ಕರೆಂಟಿಗೆ ಸುರಕ್ಷಿತ. ಒಲೆ ಮೇಲೆ ಕಾಯಿಸ್ಬೇಡಿ, ಬಿಸಿನೀರಲ್ಲಿ ಬಟ್ಟಲು ಇಟ್ಟು ಬೆಚ್ಚಗೆ ಮಾಡಿ. ಬಾಟಲಿ ಬೇಡ, ತೊಳೆಯೋದು ಕಷ್ಟ, ನಮ್ಮಜ್ಜಿಯರ ಒಳಲೆ, ಅದೇ ಮೂತಿ ಇರೋ ಪುಟ್ಟ ಬಟ್ಟಲು ಇದೆಯಲ್ಲ, ಅದು ಉತ್ತಮ. ಮಗುನ ಸ್ವಲ್ಪ ಎತ್ತಿ ಕೂರಿಸಿದ ಹಾಗೆ ಹಿಡ್ಕೊಂಡು, ಒಳಲೆ ಮೂತಿ ತುಟಿಗೆ ತಾಗಿಸಿ ನಿಧಾನಕ್ಕೆ ಕೊಡಿ, ಬಾಯಿಗೆ ಸುರೀಬೇಡಿ.

ಹಾಲು ಹೆಚ್ಚಾದ್ರೆ ಚೆಲ್ಲಬೇಡಿ. ಮುಂಬೈ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲೇ ಎದೆಹಾಲಿನ ಬ್ಯಾಂಕ್ ಶುರುವಾಯ್ತು, ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲೂ ಇದೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳ ಕರುಳು ಕೊಳೆಯೋ ಒಂದು ಭಯಂಕರ ಕಾಯಿಲೆ ಬರೋ ಸಾಧ್ಯತೆಯನ್ನ ಅಂಥ ಹಾಲು ಕಡಿಮೆ ಮಾಡುತ್ತೆ.

ಮಧ್ಯೆ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಆಶಾ ಅಕ್ಕನ ಕೇಳಿ. ಆಸ್ಪತ್ರೆಯಲ್ಲಿ ಹೆರಿಗೆ ಆದೋರ ಮನೆಗೆ 3, 7, 14, 21, 28, 42ನೇ ದಿನ ಅವರು ಬರ್ಬೇಕು, ಬಂದಾಗ ಬರೀ ಚಹಾ ಕೊಟ್ಟು ಕಳಿಸ್ಬೇಡಿ, ಅವರ ಮುಂದೇನೇ ಮಗುಗೆ ಹಾಲು ಕುಡಿಸಿ ಹಿಡಿತ ಸರಿ ಇದ್ಯಾ ಅಂತ ತೋರಿಸಿ. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ ಶುರು ಮಾಡಿ, ಎರಡು ಚಮಚದಿಂದ, ಎದೆಹಾಲು ಎರಡು ವರ್ಷದವರೆಗೂ ಅದರ ಜೊತೆಜೊತೆಗೇ ಇರ್ಲಿ.